ಭೂಕಲೆ ಮತ್ತು ನಿಸರ್ಗದ ಆರೈಕೆ

ಮಣ್ಣು, ಕಲ್ಲು, ನೀರು, ಸಸ್ಯಗಳನ್ನೇ ದ್ರವ್ಯವಾಗಿ ಬಳಸಿ, ಹುಟ್ಟಿದ ನೆಲದಿಂದ ಬೇರ್ಪಡಿಸಲಾಗದಂತೆ ಕೃತಿಯನ್ನು ರಚಿಸುವ ಕಲಾಪ್ರಕಾರಕ್ಕೆ ಭೂಕಲೆಯೆಂದು ಹೆಸರು. ಕಲಾಕೃತಿಯು ಚಿತ್ರಶಾಲೆಯ ಗೋಡೆಗಳ ನಡುವೆ ಕ್ರಯವಿಕ್ರಯದ ಸರಕಾಗುತ್ತಿದೆಯೆಂಬ ಅಸಮಾಧಾನದಿಂದ ಇದು 1960ರ ದಶಕದ ಉತ್ತರಾರ್ಧದಲ್ಲಿ ಅಮೆರಿಕ, ಯೂರೋಪುಗಳಲ್ಲಿ ತಲೆದೋರಿತು. ಆದರೂ 1968ರಲ್ಲಿ ಇದಕ್ಕೆ ಪ್ರಸಿದ್ಧಿ ತಂದ ಪ್ರದರ್ಶನವು ನ್ಯೂಯಾರ್ಕಿನ ಡ್ವಾನ್ ಗ್ಯಾಲರಿಯ ಗೋಡೆಗಳ ನಡುವೆಯೇ ನಡೆಯಿತೆಂಬುದು ಸೋಜಿಗ.

ಆದಿಯ ಮಹಾಕೃತಿಗಳಲ್ಲಿ ನಿಸರ್ಗದ ವೈಶಾಲ್ಯಕ್ಕೆ ಬೆರಗುಂಟು. ಅಕ್ಕರೆಯೂ ಉಂಟೆಂದು ಹೇಳುವುದು ಕಷ್ಟ. ಮೈಕೆಲ್ ಹೈಜರ್ 1969ರಲ್ಲಿ ನೆವಾಡದ ಪ್ರಸ್ಥಭೂಮಿಯೊಂದರ ಅಂಚನ್ನು ಸೀಳಿ 2,40,000 ಟನ್ ಕಲ್ಲುಮಣ್ಣನ್ನು ಕಣಿವೆಗೆ ಕೆಡವಿಸಿದನು. ಮರುವರ್ಷ ರಾಬರ್ಟ್ ಸ್ಮಿತ್ಸನ್ ಯೂಟಾದ ಗ್ರೇಟ್ ಸಾಲ್ಟ್ ಲೇಕ್ ಸರೋವರದೊಳಕ್ಕೆ 1,500 ಅಡಿ ಉದ್ದದ ಕಪ್ಪುಕಲ್ಲಿನ ಸುರುಳಿದಿಣ್ಣೆಯನ್ನು ಹಾಕಿಸಿದನು. ಇತ್ತ ಇಂಗ್ಲೆಂಡಿನ ರಿಚರ್ಡ್ ಲಾಂಗನಾದರೋ 1967ರಲ್ಲೇ ಹುಲ್ಲುಬಯಲೊಂದರಲ್ಲಿ ಹೋಗುತ್ತ ಬರುತ್ತ ನಡೆದು, ಹುಲ್ಲು ಮಲಗಿ ಮೂಡಿದ ಗೆರೆಯ ಛಾಯಾಚಿತ್ರವೊಂದನ್ನು ತೆಗೆದು ಸುಮ್ಮನಾಗಿದ್ದನು. ಅಲನ್ ಸಾನ್‌ಫಿಸ್ಟ್ 1965ರಲ್ಲಿ ಯೋಚಿಸಿ 1978ರಲ್ಲಿ ನ್ಯೂಯಾರ್ಕಿನ ಬೀದಿಬದಿಯಲ್ಲಿ ನೆಡಿಸಿದ ತೋಪಿನಲ್ಲಿ, ಯೂರೋಪಿಯನ್ನರು ಕಾಲಿಡುವುದಕ್ಕೆ ಮುಂಚೆ ಆ ನೆಲದಲ್ಲಿದ್ದ ವೃಕ್ಷಜಾತಿಗಳಿಗೆ ಮತ್ತೆ ಎಡೆ ದೊರೆಯಿತು.

ಆರೈಕೆಯೇ ಕಲೆಯಾದುದು 1982ರಲ್ಲಿ. ಬುಡಾಪೆಸ್ಟಿನಲ್ಲಿ ಜನಿಸಿದ ಆಗ್ನೆಸ್ ಡೆನೆಸ್ ಆ ವರ್ಷ, ವಾಲ್ ಸ್ಟ್ರೀಟಿನ ಲೇವಾದೇವಿಯ ಸೌಧಗಳಿಗೆ ಕೂಗಳತೆಯಲ್ಲಿ, ಅಗೆದ ಮಣ್ಣುಕಲ್ಲುಗಳಿಂದ ಭರ್ತಿಮಾಡಿದ್ದ ಎರಡು ಎಕರೆ ನೆಲದಲ್ಲಿ ಕಸವನ್ನು ಆಯಿಸಿ, ಲಾರಿಗಳಲ್ಲಿ ಮಣ್ಣು ತರಿಸಿ, ಕೈಯಿಂದಲೇ 285 ಸಾಲು ತೋಡಿಸಿ ಗೋಧಿ ಬಿತ್ತಿದಳು. ನಾಲ್ಕು ತಿಂಗಳ ಕಾಲ ನೀರು ಹಾಯಿಸುವುದು, ಕಳೆ ಕೀಳುವುದು, ಕಾಡಿಗೆ ರೋಗ ತಗುಲಿದ ತೆನೆಯನ್ನು ನೋಡಿ ತೆಗೆಯುವುದು, ನಮ್ಮ ಒಕ್ಕಲಿಗನು ಕಲೆಯೆಂದು ಕರೆಯದೆ ಮಾಡುವ ಈ ಕೆಲಸಗಳೇ ಆಕೆಯ ಶಿಲ್ಪಕರ್ಮವಾದುವು. ಆಗಸ್ಟ್ 16ರ ಕೊಯ್ಲಿನಲ್ಲಿ ಸಾವಿರ ಪೌಂಡಿಗೂ ಮಿಕ್ಕ ಗೋಧಿ ದೊರೆಯಿತು. ಕೋಟ್ಯಂತರ ಡಾಲರ್ ಬೆಲೆಯ ನೆಲದಲ್ಲಿ ಬೆಳೆದ ಆ ಬೆಳೆಯ ಬೀಜಗಳು ಮುಂದೆ, ಹಸಿವಿನ ನಿವಾರಣೆಯನ್ನು ಕುರಿತ ಪ್ರದರ್ಶನವೊಂದರ ಮೂಲಕ ಅನೇಕ ದೇಶಗಳಿಗೆ ಹಂಚಿಹೋದುವು. ಅದೇ ಡೆನೆಸ್ ಫಿನ್‌ಲೆಂಡಿನ ಯ್ಲೋಯಾರ್ವಿಯಲ್ಲಿ 1992ರಿಂದ 1996ರವರೆಗೆ 11,000 ಜನರಿಂದ ತಲಾ ಒಂದರಂತೆ 11,000 ಮರಗಳನ್ನು ನೆಡಿಸಿದಳು.

ಗೋಧಿ ಬೆಳೆದ ವರ್ಷವೇ ಜರ್ಮನಿಯ ಕಾಸೆಲ್ ನಗರದಲ್ಲಿ ಯೋಸೆಫ್ ಬಾಯ್ಸ್ ವಸ್ತುಸಂಗ್ರಹಾಲಯದೆದುರು 7,000 ಬಸಾಲ್ಟ್ ಕಲ್ಲುಗಂಬಗಳನ್ನು ರಾಶಿಹಾಕಿಸಿ, ಊರಿನಲ್ಲಿ ಎಲ್ಲಿಯಾದರೂ ಒಂದು ಮರವನ್ನು ನೆಟ್ಟು ಅದರ ಮಗ್ಗುಲಲ್ಲಿ ನಿಲ್ಲಿಸುವುದಕ್ಕಲ್ಲದೆ ಒಂದು ಕಲ್ಲನ್ನೂ ಅಲ್ಲಿಂದ ಎತ್ತಕೂಡದೆಂದು ಕಟ್ಟುಮಾಡಿದನು. ಕೃತಿಯ ಹೆಸರಿನಲ್ಲಿ ಓಕ್ ಮಾತ್ರವಿದ್ದರೂ ಇತರ ಜಾತಿಯ ಮರಗಳನ್ನೂ ನೆಟ್ಟರು. ರಾಶಿಯು ನೋಟಕ್ಕೆ ವಿಕಾರವಾಗಿದೆಯೆಂದು ಗೊಣಗಿದ ಪೌರರಿಗೆ ಅದನ್ನು ಕರಗಿಸುವ ಉಪಾಯವು ಒಂದೇ ಇದ್ದಿತು. ಬಾಯ್ಸ್ 1986ರ ಜನವರಿಯಲ್ಲಿ ತೀರಿಕೊಂಡನು. ಕೊನೆಯ ಮರವನ್ನು 1987ರಲ್ಲಿ ಅವನ ಮಗನು ನೆಟ್ಟನು, ಸಂಗ್ರಹಾಲಯದ ಮುಂದಣ ಅಂಗಳವು ತೆರವಾಯಿತು.