ಹಿಮಪಾತವಲ್ಲ, ಹಿಮಕುಸಿತ: ಇಳಿಜಾರಿನ ಒಳಪದರವೂ 15 ನಿಮಿಷದ ಲೆಕ್ಕವೂ

ಕನ್ನಡ ಪತ್ರಿಕೆಗಳಲ್ಲಿ ‘ಹಿಮಪಾತ’ ಎಂಬ ಒಂದೇ ಪದ ಎರಡು ಕೆಲಸ ಮಾಡುತ್ತದೆ. ಶಿಮ್ಲಾದಲ್ಲಿ ಅರಳೆಯಂತೆ ಉದುರುವುದೂ ಹಿಮಪಾತ, ಸಿಯಾಚಿನ್‌ನಲ್ಲಿ ಯೋಧರನ್ನು ಹೂತುಹಾಕಿದ್ದೂ ಹಿಮಪಾತ. ಮೊದಲನೆಯದು ಮುಗಿಲಿನಿಂದ ಬೀಳುವಂಥದ್ದು. ಎರಡನೆಯದು, ಬಿದ್ದು ಕೂತ ಹಿಮ ಬೆಟ್ಟದ ಮೈಬಿಟ್ಟು ಜಾರುವಂಥದ್ದು. ಇದನ್ನು ‘ಹಿಮಕುಸಿತ’ ಎಂದೇ ಕರೆಯುವುದು ಒಳ್ಳೆಯದು. ಆಕಾಶ ತಿಳಿಯಾಗಿ ಬಿಸಿಲು ಬಂದ ಮೇಲೂ ಅದರ ಅಪಾಯ ಹಾಗೇ ಇರುತ್ತದೆ.

2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮಗೋಡೆ ಕುಸಿದು 10 ಯೋಧರು ಹೂತುಹೋದರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಬಳಿಕ, ಸುಮಾರು 25 ಅಡಿ ಆಳದಲ್ಲಿ ಜೀವಂತ ಸಿಕ್ಕರು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಇಡೀ ನಾಡು ಅವರಿಗಾಗಿ ಹರಕೆ ಹೊತ್ತಿತ್ತು. ಆದರೆ ಹಿಮದಡಿ ಮನುಷ್ಯ ದಿನಗಟ್ಟಲೆ ಬದುಕಬಲ್ಲ ಎಂಬ ನಂಬಿಕೆ ಆ ಘಟನೆಯಿಂದ ಹುಟ್ಟಿದ್ದರೆ, ಅದನ್ನು ತಿದ್ದಲೇಬೇಕು.

ಸ್ವಿಟ್ಜರ್ಲೆಂಡಿನ ಅವಘಡಗಳನ್ನು ಆಧರಿಸಿ 1994ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕ ಕಟುವಾಗಿದೆ. ಹೂತವರನ್ನು 15 ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುತ್ತಾರೆ. 35 ನಿಮಿಷವಾಯಿತೆಂದರೆ ಮೂವರಲ್ಲಿ ಒಬ್ಬರು. ಹಿಮದಲ್ಲಿ ಗಾಳಿ ಇಲ್ಲವೆಂದಲ್ಲ. ಬಿಟ್ಟ ಉಸಿರಿನ ಬಿಸಿಗೆ ಮೂಗುಬಾಯಿಯ ಮುಂದಿನ ಹಿಮ ಕರಗಿ, ಮತ್ತೆ ಗಡ್ಡೆಕಟ್ಟಿ ಮುಚ್ಚಳವಾಗುತ್ತದೆ.

ಚಾರಣಿಗರನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಹಲಗೆಯ ಹಾಗೆ ಒಟ್ಟಾಗಿ ಜಾರುವ ಹಿಮ. ನೆಲಕ್ಕೆ ಹತ್ತಿದ ಹಿಮ ಬೆಚ್ಚಗಿದ್ದು ಮೇಲ್ಮೈ ಕೊರೆಯುವಾಗ, ಒಳಗಿನ ಆವಿ ಮೇಲೇರುತ್ತಾ ಹರಳುಗಳನ್ನು ಬಿಡಿಬಿಡಿಯಾಗಿಸುತ್ತದೆ. ಅಂಗೈಗೆ ತೆಗೆದುಕೊಂಡರೆ ಒರಟು ರವೆಯ ಹಾಗೆ ಬೆರಳ ಸಂದಿನಿಂದ ಸುರಿಯುತ್ತದೆ, ಉಂಡೆ ಕಟ್ಟಲು ಬರುವುದಿಲ್ಲ. ಅದರ ಮೇಲೆ ಗಾಳಿ ತಂದು ಒತ್ತಿದ ಗಟ್ಟಿ ಪದರ ಕೂತಿತೆಂದರೆ, ರಾಗಿಕಾಳಿನ ಮೇಲೆ ಹಲಗೆಯಿಟ್ಟು ವಾಲಿಸಿದಂತೆ. ಇಳಿಜಾರು 30ರಿಂದ 45 ಡಿಗ್ರಿಯೊಳಗಿದ್ದರೆ ಒಬ್ಬರ ಹೆಜ್ಜೆಯೇ ಸಾಕು. ಕಾಲಡಿ ಒಮ್ಮೆಲೇ ‘ಧುಸ್’ ಎಂದು ಕುಸಿದ ಸದ್ದು, ಮುಂದಕ್ಕೆ ಓಡುವ ಬಿರುಕು: ಇವು ಕಂಡಲ್ಲಿಂದಲೇ ಹಿಂದಿರುಗಬೇಕು.

ಅನುಭವವೊಂದೇ ಇಲ್ಲಿ ಕಾಪಾಡುವುದಿಲ್ಲ. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡ ದ್ರೌಪದಿ ಕಾ ಡಾಂಡಾ-2 ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿತು. 27 ಮೃತದೇಹ ಸಿಕ್ಕವು, ಇಬ್ಬರ ಪತ್ತೆಯೇ ಆಗಲಿಲ್ಲ. ಬೆಂಗಳೂರಿನಿಂದ ಹೋದವರೂ ಮಡಿದರು. ಅದೇ ವರ್ಷದ ಮೇ ತಿಂಗಳಲ್ಲಿ 16 ದಿನದೊಳಗೆ ಎವರೆಸ್ಟ್, ಮಕಾಲು ಎರಡನ್ನೂ ಏರಿದ್ದ ಬೋಧಕಿ ಸವಿತಾ ಕನ್ಸ್ವಾಲ್ ಕೂಡ ಬದುಕುಳಿಯಲಿಲ್ಲ.

ರವೆಯಂಥ ಆ ಒಳಪದರವನ್ನು ನೋಡಬೇಕಾದರೆ ಅಗೆಯಬೇಕು. ಗುಂಡಿಯ ಗೋಡೆಯಲ್ಲಿ 30 ಸೆಂಟಿಮೀಟರ್ ಉದ್ದಗಲದ ಹಿಮದ ಕಂಬವನ್ನು ಬಿಡಿಸಿ, ನೆತ್ತಿಯ ಮೇಲೆ ಸಲಿಕೆಯ ಅಲಗನ್ನು ಇಡುತ್ತಾರೆ. ಮಣಿಕಟ್ಟಿನಿಂದ 10 ಪೆಟ್ಟು, ಮೊಣಕೈಯಿಂದ 10, ಭುಜದಿಂದ 10. ಮೊದಲ ಹತ್ತರಲ್ಲೇ ಕಂಬ ನುಣ್ಣಗೆ ತುಂಡಾಗಿ ಮುಂದಕ್ಕೆ ಜಾರಿದರೆ ಆ ಇಳಿಜಾರಿನ ಗೊಡವೆ ಬೇಡ. ಜಾರದಿದ್ದರೂ ಅದು ಪೂರ್ತಿ ಅಭಯವಲ್ಲ, ಹತ್ತು ಮಾರು ಆಚೆ ಪದರ ಬೇರೆಯಾಗಿರಬಹುದು. ಹಾಗಾಗಿ ಕಡಿದಾದ ಕಡೆ ಒಬ್ಬೊಬ್ಬರಾಗಿ ದಾಟುತ್ತಾರೆ, ಉಳಿದವರು ಕುಸಿತ ತಲುಪದ ಜಾಗದಲ್ಲಿ ನಿಂತು ಕಣ್ಣಿಟ್ಟಿರುತ್ತಾರೆ.

15 ನಿಮಿಷದಲ್ಲಿ ಹೆಲಿಕಾಪ್ಟರ್ ಬರುವುದು ಅಪರೂಪ, ಅಗೆಯಬೇಕಾದವರು ಜೊತೆಗಾರರೇ. ಹೂತವರ ಜಾಗ ಹುಡುಕಲು ಸಂಕೇತ ಕಳಿಸುವ, ಹಿಡಿಯುವ 457 ಕಿಲೋಹರ್ಟ್ಸ್ ಕಂಪನಾಂಕದ ಟ್ರಾನ್ಸೀವರ್, ಚುಚ್ಚಿ ಹುಡುಕುವ ಉದ್ದ ಸಲಾಕೆ, ಸಲಿಕೆ: ಮೂರೂ ಪ್ರತಿಯೊಬ್ಬರ ಬಳಿ ಇರಬೇಕು. ಚಳಿಗಾಲದಲ್ಲಿ ಹಿಮಾಲಯಕ್ಕೆ ಹೊರಡುವ ಬೆಂಗಳೂರಿನ ಚಾರಣಿಗರು ಹಣ ಕಟ್ಟುವ ಮೊದಲೇ ಇವು ಇರುತ್ತವೆಯೇ ಎಂದು ಕೇಳಿ ತಿಳಿಯಬೇಕು. ಪಳಗಿದ ತಂಡಗಳಲ್ಲಿ ಬೆಳಗ್ಗೆ ನಾಯಕ ತನ್ನ ಟ್ರಾನ್ಸೀವರನ್ನು ಹುಡುಕುವ ಸ್ಥಿತಿಗೆ ತಿರುಗಿಸಿ ದಾರಿಯಲ್ಲಿ ನಿಲ್ಲುತ್ತಾನೆ. ಒಬ್ಬೊಬ್ಬರೇ ಅಂತರ ಬಿಟ್ಟು ಅವನ ಮುಂದೆ ಹಾಯುತ್ತಾರೆ. ಯಾರು ಹಾಯುವಾಗ ಅವನ ಟ್ರಾನ್ಸೀವರ್ ‘ಬೀಪ್’ ಎನ್ನಲಿಲ್ಲವೋ ಅವರು ಅಲ್ಲೇ ನಿಂತು ಬ್ಯಾಟರಿ ಬದಲಿಸಿಕೊಳ್ಳುತ್ತಾರೆ.