ಪಶುವೈದ್ಯಕೀಯ ಪರೀಕ್ಷಕರು ಮತ್ತು ಸಹಾಯಕ ಸಿಬ್ಬಂದಿಯ ವೃತ್ತಿ ಸಂಘಟನೆ: ಕಾಗಿನೆಲೆ ಸುತ್ತಿನ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರಿಗೆ ಮಾಹಿತಿ

ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ, ಅದರ ಆಚೀಚಿನ ಹಾವೇರಿ ಮತ್ತು ರಾಣೆಬೆನ್ನೂರು ತಾಲ್ಲೂಕುಗಳು ಮೆಣಸಿನಕಾಯಿ, ಗೋವಿನಜೋಳ ಮತ್ತು ಹತ್ತಿಯ ಸೀಮೆಯೆಂದು ಹೆಸರಾಗಿವೆ. ಆದರೆ ಇಲ್ಲಿಯ ಬೇಸಾಯ ನಿಂತಿರುವುದು ದನ, ಎಮ್ಮೆ ಮತ್ತು ಕುರಿಗಳ ಮೇಲೆ. ಮೆಣಸಿನಕಾಯಿ ಹೊಲಕ್ಕೆ ಬೇಕಾದ ಕೊಟ್ಟಿಗೆ ಗೊಬ್ಬರ, ಬೇಸಿಗೆಯಲ್ಲಿ ಹೊಲದಲ್ಲಿ ತರುಬಿಸುವ ಕುರಿ ಹಿಂಡು, ಎಡೆ ಹೊಡೆಯುವ ಎತ್ತು, ಬೆಳೆ ಕೈಕೊಟ್ಟ ವರ್ಷ ಮನೆ ನಡೆಸುವ ಹಾಲಿನ ಹಣ, ಇವುಗಳನ್ನು ಲೆಕ್ಕದಿಂದ ಬಿಟ್ಟು ಈ ಭಾಗದ ಬೇಸಾಯಕ್ರಮವನ್ನು ವಿವರಿಸಲು ಬರುವುದಿಲ್ಲ. ಈ ಲೇಖಕ ಬೇಸಾಯಶಾಸ್ತ್ರದವನಾಗಿದ್ದರೂ ಪಶುವೈದ್ಯಕೀಯ ಸಿಬ್ಬಂದಿಯ ಕುರಿತು ಬರೆಯುವುದಕ್ಕೆ ಕಾರಣ ಇದೇ ಆಗಿದೆ.

ಜಾನುವಾರು ಕಾಯಿಲೆ ಬಿದ್ದಾಗ ರೈತನ ಮನೆಗೆ ಮೊದಲು ಬರುವವರು ಬಹುಪಾಲು ಪದವೀಧರ ಪಶುವೈದ್ಯರಲ್ಲ. ಪಶುವೈದ್ಯಕೀಯ ಪರೀಕ್ಷಕರು, ಹಾಲು ಒಕ್ಕೂಟದ ಕೃತಕ ಗರ್ಭಧಾರಣೆ ಕಾರ್ಯಕರ್ತರು, ‘ಮೈತ್ರಿ’ ಯೋಜನೆಯಲ್ಲಿ ತರಬೇತಿ ಪಡೆದವರು ಅಥವಾ ಸ್ವಸಹಾಯ ಸಂಘದ ಪಶು ಸಖಿಯರು ಮೊದಲು ಬರುತ್ತಾರೆ. ಹಳ್ಳಿಯಲ್ಲಿ ಇವರೆಲ್ಲರಿಗೂ ‘ದನದ ಡಾಕ್ಟ್ರು’ ಎಂಬ ಒಂದೇ ಹೆಸರು. ಹಳಬರ ಬಾಯಲ್ಲಿ ‘ಕಂಪೌಂಡರ್’ ಎಂಬ ಮಾತು ಇನ್ನೂ ಉಳಿದಿದೆ. ಒಂದೇ ಹೆಸರಿನಡಿ ಇರುವ ಇವರ ಓದು, ಅಧಿಕಾರ, ಸಂಬಳ ಮತ್ತು ಕೆಲಸದ ಭದ್ರತೆ ಮಾತ್ರ ತೀರ ಬೇರೆ ಬೇರೆ. ಇವರ ಸಂಘಟನೆಯ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ.

ಕಾನೂನು ಹೇಳುವುದೇನು

ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ, 1984ರ 30ನೆಯ ಕಲಮಿನ ಪ್ರಕಾರ ನೋಂದಾಯಿತ ಪಶುವೈದ್ಯರ ಹೊರತು ಬೇರಾರೂ ಪಶುವೈದ್ಯ ವೃತ್ತಿಯನ್ನು ನಡೆಸುವಂತಿಲ್ಲ. ಇದಕ್ಕೆ ಒಂದು ವಿನಾಯಿತಿ ಇದೆ. ಸ್ಟಾಕ್‌ಮನ್, ಸ್ಟಾಕ್ ಅಸಿಸ್ಟೆಂಟ್ ಅಥವಾ ಪಶುವೈದ್ಯಕೀಯ ಮೇಲ್ವಿಚಾರಕರ ಡಿಪ್ಲೊಮಾ ಇಲ್ಲವೇ ಪ್ರಮಾಣಪತ್ರ ಪಡೆದವರಿಗೆ, ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲಿ ‘ಕಿರು ಪಶುವೈದ್ಯಕೀಯ ಸೇವೆ’ಗಳನ್ನು ನೀಡಲು ರಾಜ್ಯ ಸರ್ಕಾರ ಅನುಮತಿ ಕೊಡಬಹುದು. ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯಕ್ಕೆ ಔಷಧಿ ಹಾಕಿ ಕಟ್ಟುವುದು ಇಂಥ ಸೇವೆಗಳೆಂದು ಕಾಯ್ದೆಯೇ ಉದಾಹರಿಸುತ್ತದೆ. ಇದರಾಚೆಗಿನ ಪ್ರಥಮ ಚಿಕಿತ್ಸೆಗಳು ಯಾವುವು ಎಂಬುದನ್ನು ರಾಜ್ಯ ಸರ್ಕಾರ ರಾಜ್ಯಪತ್ರದ ಅಧಿಸೂಚನೆಯ ಮೂಲಕ ಗೊತ್ತುಪಡಿಸಬೇಕು.

ಸಮಸ್ಯೆಯ ಬೇರು ಈ ಕೊನೆಯ ವಾಕ್ಯದಲ್ಲಿದೆ. ಕಾಯ್ದೆಯ ಉದಾಹರಣೆಗಳಲ್ಲಿ ಕೃತಕ ಗರ್ಭಧಾರಣೆಯ ಹೆಸರಿಲ್ಲ. ಆದರೆ ಸಿಬ್ಬಂದಿಯ ದಿನದ ಕೆಲಸದಲ್ಲಿ ಬಹುಪಾಲು ಅದೇ. ‘ಮೇಲ್ವಿಚಾರಣೆ’ ಎಂದರೆ ವೈದ್ಯರು ಪಕ್ಕದಲ್ಲಿ ನಿಂತಿರಬೇಕೇ, ಫೋನಿನಲ್ಲಿ ಹೇಳಿದರೆ ಸಾಕೇ, ಮೊದಲೇ ಬರೆದುಕೊಟ್ಟ ನಿರ್ದೇಶನ ಸಾಕೇ ಎಂಬುದನ್ನೂ ಆ ಕಲಮು ಬಿಡಿಸಿ ಹೇಳುವುದಿಲ್ಲ. ರಾತ್ರಿ ಹತ್ತು ಗಂಟೆಗೆ ಆಕಳಿನ ಹೊಟ್ಟೆ ಉಬ್ಬರಿಸಿ, ವೈದ್ಯರು ದೂರದ ಊರಿನಲ್ಲಿರುವಾಗ, ಊರಿನಲ್ಲೇ ಇರುವ ಪರೀಕ್ಷಕರು ಕೈಕಟ್ಟಿ ನಿಂತರೆ ರೈತ ದೂರುತ್ತಾನೆ. ಚಿಕಿತ್ಸೆ ಮಾಡಿ ಆಕಳು ಸತ್ತರೆ ಕಾನೂನು ಕೇಳುತ್ತದೆ. ಎರಡೂ ಕಡೆಯ ಹೊಣೆ ಒಬ್ಬನ ತಲೆಯ ಮೇಲೆ ಬೀಳುವ ಈ ಸ್ಥಿತಿಯನ್ನು ಒಬ್ಬೊಬ್ಬರೇ ಸರಿಪಡಿಸಿಕೊಳ್ಳಲು ಸಾಧ್ಯವಿಲ್ಲ.

ಇನ್ನೊಂದು ಕೊರತೆಯೂ ಇದೆ. ಪಶುವೈದ್ಯರಿಗೆ ರಾಷ್ಟ್ರ ಮತ್ತು ರಾಜ್ಯ ಮಟ್ಟದ ಪರಿಷತ್ತುಗಳು, ನೋಂದಣಿ ಪಟ್ಟಿ, ನಡತೆಯ ನಿಯಮಗಳು ಇವೆ. ಸಹಾಯಕ ಸಿಬ್ಬಂದಿಗೆ 1984ರ ಕಾಯ್ದೆಯಲ್ಲಿ ಇಂಥ ಪಟ್ಟಿ ಇಲ್ಲ. ಮನುಷ್ಯರ ವೈದ್ಯಕೀಯದಲ್ಲಿ ಪ್ರಯೋಗಾಲಯ ತಂತ್ರಜ್ಞರು, ಫಿಸಿಯೋಥೆರಪಿಯವರು ಮುಂತಾದವರಿಗೆ 2021ರಲ್ಲಿ ಸಂಸತ್ತು ಪ್ರತ್ಯೇಕ ಆಯೋಗದ ಕಾಯ್ದೆಯನ್ನು ಮಾಡಿತು. ಅದರ ವ್ಯಾಪ್ತಿಗೆ ಪಶು ಆರೋಗ್ಯದ ಸಿಬ್ಬಂದಿ ಬರುವುದಿಲ್ಲ.

ಒಂದೇ ಕೆಲಸ, ನಾಲ್ಕು ಯಜಮಾನರು

ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವೆಗಳ ಇಲಾಖೆಯ ಪರೀಕ್ಷಕರು ಸರ್ಕಾರಿ ನೌಕರರು. ಹುದ್ದೆಯ ಹೆಸರು, ಬಡ್ತಿ, ಖಾಲಿ ಹುದ್ದೆಗಳ ಭರ್ತಿ ಅವರ ಮುಖ್ಯ ಬೇಡಿಕೆಗಳು. 1962 ಸಂಖ್ಯೆಗೆ ಕರೆ ಮಾಡಿದಾಗ ಬರುವ ಪಶು ಸಂಜೀವಿನಿ ವಾಹನದಲ್ಲಿ ವೈದ್ಯರ ಜೊತೆಗಿರುವ ಸಹಾಯಕರು ಹೊರಗುತ್ತಿಗೆಯವರು. ಅವರ ಚಿಂತೆ ಸಂಬಳ ತಿಂಗಳಿಗೆ ಸರಿಯಾಗಿ ಬರುವುದರ ಬಗ್ಗೆ. ಹಾಲು ಒಕ್ಕೂಟದ ಕಾರ್ಯಕರ್ತರು ಸಹಕಾರಿ ವ್ಯವಸ್ಥೆಯೊಳಗೆ ದುಡಿಯುತ್ತಾರೆ. ರಾಷ್ಟ್ರೀಯ ಗೋಕುಲ ಮಿಷನ್ನಿನ ‘ಮೈತ್ರಿ’ಯವರು ಸುಮಾರು ಮೂರು ತಿಂಗಳ ತರಬೇತಿ ಮುಗಿಸಿ, ಮಾಡಿದ ಕೆಲಸಕ್ಕೆ ತಕ್ಕ ಹಣವನ್ನು ನಂಬಿ ಬದುಕಬೇಕಾದವರು. ಡಿಪ್ಲೊಮಾ ಪಡೆದವರಿಗೆ ಮೂರು ತಿಂಗಳಿನವರು ಪ್ರತಿಸ್ಪರ್ಧಿಗಳಾಗಿ ಕಾಣುತ್ತಾರೆ. ಪದವೀಧರ ವೈದ್ಯರಿಗೆ ಇಬ್ಬರೂ ತಮ್ಮ ಗಡಿ ಮೀರುವವರಾಗಿ ಕಾಣುತ್ತಾರೆ. ವೈದ್ಯರ ಆತಂಕ ಪೂರ್ತಿ ನಿರಾಧಾರವೆಂದು ಹೇಳಲಾಗದು. ಕಾಯಿಲೆಯ ಗುರುತು ಹಿಡಿಯದೆ ಆಂಟಿಬಯೋಟಿಕ್ ಚುಚ್ಚುವ ರೂಢಿ ನಮ್ಮ ಹಳ್ಳಿಗಳಲ್ಲಿ ಇದ್ದೇ ಇದೆ, ಅದರ ಶೇಷ ಹಾಲಿನಲ್ಲಿ ಉಳಿಯುತ್ತದೆ, ರೋಗಾಣುಗಳು ಔಷಧಿಗೆ ಬಗ್ಗದಂತಾಗುತ್ತವೆ.

ಸೇವಾ ಬೇಡಿಕೆಗಳ ಸಂಘಟನೆ ಮತ್ತು ವೃತ್ತಿ ಸಂಘಟನೆ ಒಂದೇ ಅಲ್ಲ. ಮೊದಲನೆಯದು ಆಯಾ ಯಜಮಾನನ ಎದುರು ನಿಲ್ಲುವುದರಿಂದ ನಾಲ್ಕಾಗಿ ಒಡೆಯುವುದು ಸಹಜ. ಎರಡನೆಯದು ಕೆಲಸದ ಗುಣಮಟ್ಟ, ಸುರಕ್ಷತೆ, ಮುಂದುವರಿದ ತರಬೇತಿ ಮತ್ತು ಕೆಲಸದ ಗಡಿಯನ್ನು ಕುರಿತದ್ದು. ಅದು ನಾಲ್ವರನ್ನೂ ಒಂದೇ ಚಾವಡಿಯಲ್ಲಿ ಕೂಡಿಸಬಲ್ಲದು. ನಮ್ಮಲ್ಲಿ ಮೊದಲನೆಯದಕ್ಕೆ ಸಿಕ್ಕಷ್ಟು ಗಮನ ಎರಡನೆಯದಕ್ಕೆ ಸಿಕ್ಕಿಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ಬ್ರಿಟನ್ನಿನ ಉದಾಹರಣೆ ಇಲ್ಲಿ ಉಪಯುಕ್ತ. ಅಲ್ಲಿ 1961ರಲ್ಲಿ ಪಶುವೈದ್ಯರ ಸಹಾಯಕರಿಗೆ ತರಬೇತಿ ಮತ್ತು ಪರೀಕ್ಷೆ ಆರಂಭವಾದಾಗ ‘ನರ್ಸ್’ ಎಂಬ ಪದ ಮನುಷ್ಯರ ಶುಶ್ರೂಷಕಿಯರಿಗೇ ಮೀಸಲಾಗಿತ್ತು. ಆದ್ದರಿಂದ ಇವರನ್ನು ‘ಪಶು ಶುಶ್ರೂಷಾ ಸಹಾಯಕರು’ ಎಂಬರ್ಥದ ಉದ್ದನೆಯ ಹೆಸರಿನಿಂದ ಕರೆದರು. 1965ರಲ್ಲಿ ಅವರದೇ ಸಂಘ ಹುಟ್ಟಿತು. ‘ಪಶುವೈದ್ಯಕೀಯ ನರ್ಸ್’ ಎಂಬ ಹೆಸರು ಸಿಕ್ಕದ್ದು 1984ರಲ್ಲಿ. ಸದಸ್ಯರು ನಡತೆಗೆ ಉತ್ತರದಾಯಿಗಳಾಗುವ ನೋಂದಣಿ ಪಟ್ಟಿ ಬಂದದ್ದು 2007ರಲ್ಲಿ. ಪರೀಕ್ಷೆ ಮೊದಲು, ಹೆಸರು ಆಮೇಲೆ ಎಂಬ ಈ ಕ್ರಮವನ್ನು ಗಮನಿಸಬೇಕು. ವಿಶ್ವ ಪಶು ಆರೋಗ್ಯ ಸಂಸ್ಥೆಯೂ 2018ರಲ್ಲಿ ಪಶುವೈದ್ಯಕೀಯ ಸಹಾಯಕ ಸಿಬ್ಬಂದಿಗೆ ಇರಬೇಕಾದ ಸಾಮರ್ಥ್ಯಗಳ ಮಾರ್ಗಸೂಚಿಯನ್ನು ಹೊರತಂದಿದೆ. ನಮ್ಮ ಸಂಘಗಳು ಬೇಡಿಕೆ ಪಟ್ಟಿ ಬರೆಯುವಾಗ ಅದನ್ನು ಎದುರಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಸುರಕ್ಷತೆ: ಮೊದಲು ಕೇಳಬೇಕಾದದ್ದು

ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮ 2019ರಲ್ಲಿ ಆರಂಭವಾದ ಬಳಿಕ ಕಾಲುಬಾಯಿ ರೋಗದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ಹಾಕುವ ಕೆಲಸ ಈ ಸಿಬ್ಬಂದಿಯ ಹೆಗಲ ಮೇಲಿದೆ. ಇದರ ಜೊತೆಗೆ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಕಂದು ರೋಗದ, ಅಂದರೆ ಬ್ರುಸೆಲ್ಲೋಸಿಸ್‌ನ ಲಸಿಕೆಯನ್ನು ಒಮ್ಮೆ ಹಾಕಲಾಗುತ್ತದೆ. ಈ ಲಸಿಕೆಯಲ್ಲಿ ಇರುವುದು ಜೀವಂತ ರೋಗಾಣು. ಕರು ಒದ್ದು ಸೂಜಿ ಹಾಕುವವನ ಕೈಗೆ ಚುಚ್ಚಿದರೆ, ಇಲ್ಲವೇ ಹನಿ ಕಣ್ಣಿಗೆ ಸಿಡಿದರೆ, ಮನುಷ್ಯನಿಗೇ ರೋಗ ತಗಲಬಹುದು. ಬಿಟ್ಟು ಬಿಟ್ಟು ಬರುವ ಜ್ವರ, ಬೆವರು, ಕೀಲುನೋವು ತಿಂಗಳುಗಟ್ಟಲೆ ಕಾಡುತ್ತವೆ, ಬೇರೆ ಜ್ವರವೆಂದು ತಪ್ಪಾಗಿ ತಿಳಿಯುವುದೂ ಉಂಟು. ಕಂದು ಹಾಕಿದ ಆಕಳಿನ ಮಾಸನ್ನು ಬರಿಗೈಯಲ್ಲಿ ತೆಗೆಯುವವರಿಗೂ ಇದೇ ಅಪಾಯ. ಇದು ರೈತರಿಗೂ ಅನ್ವಯಿಸುತ್ತದೆ. ಕೈಗವಸು, ಕಣ್ಣಿನ ರಕ್ಷಣೆ, ರೇಬಿಸ್ ವಿರುದ್ಧ ಮುಂಜಾಗ್ರತಾ ಲಸಿಕೆ, ಕಾಲಕಾಲಕ್ಕೆ ರಕ್ತಪರೀಕ್ಷೆ, ಸೂಜಿ ಚುಚ್ಚಿದರೆ ಚಿಕಿತ್ಸೆಯ ವೆಚ್ಚ, ಇವು ಹೊರಗುತ್ತಿಗೆಯವರಿಗೂ ‘ಮೈತ್ರಿ’ಯವರಿಗೂ ಸಿಗಬೇಕೆಂಬುದು ಯಾವ ಸಂಘಕ್ಕಾದರೂ ಮೊದಲ ಬೇಡಿಕೆಯಾಗತಕ್ಕದ್ದು. ಸೂಜಿ ಚುಚ್ಚಿದವರು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ಅದೇ ದಿನ ವೈದ್ಯರಲ್ಲಿಗೆ ಹೋಗಿ, ಚುಚ್ಚಿದ್ದು ಬ್ರುಸೆಲ್ಲಾ ಲಸಿಕೆ ಎಂದು ಸ್ಪಷ್ಟವಾಗಿ ಹೇಳಬೇಕು. ಗರ್ಭಿಣಿಯರಾದ ಪಶು ಸಖಿಯರನ್ನು ಈ ಲಸಿಕೆಯ ಹತ್ತಿರ ಬಿಡಬಾರದು.

2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ರಾಜ್ಯದಲ್ಲಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಹಾವೇರಿಯೂ ಒಂದು. ಆಗ ಕೈಗೆ ಸಿಕ್ಕದ್ದು ಮೇಕೆ ಸಿಡುಬಿನ ಲಸಿಕೆ. ಅದನ್ನೇ ರೋಗ ಕಂಡ ಊರಿನ ಸುತ್ತಲಿನ ಆರೋಗ್ಯವಂತ ದನಗಳಿಗೆ ಹಾಕಲಾಯಿತು. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಹೊಲದ ದಾರಿಯವರೆಗೂ ಒಯ್ಯುವುದು, ಪ್ರತಿ ದನಕ್ಕೂ ಸೂಜಿ ಬದಲಿಸುವುದು, ಕಿವಿಯೋಲೆಯ 12 ಅಂಕಿಗಳನ್ನು ತಪ್ಪಿಲ್ಲದೆ ದಾಖಲಿಸುವುದು ಹೊರನೋಟಕ್ಕೆ ಸಣ್ಣ ಕೆಲಸಗಳು. ಒಂದೇ ಸೂಜಿಯಲ್ಲಿ ಕೇರಿಯ ದನಗಳಿಗೆಲ್ಲ ಹಾಕಿದರೆ ಲಸಿಕೆಯೇ ರೋಗ ಹರಡುವ ದಾರಿಯಾದೀತು. ಇಂಥ ಕೆಲಸದಲ್ಲಿ ನುರಿತವರು ಊರಲ್ಲಿ ಉಳಿಯಬೇಕೋ, ಒಪ್ಪಂದ ಮುಗಿದೊಡನೆ ಬೆಂಗಳೂರಿಗೆ ಗುಳೆ ಹೋಗಬೇಕೋ ಎಂಬುದು ರೈತನ ಕೊಟ್ಟಿಗೆಗೆ ನೇರವಾಗಿ ಸಂಬಂಧಿಸಿದ ಪ್ರಶ್ನೆ.

ತಾಲ್ಲೂಕು ಮಟ್ಟದಲ್ಲಿ ಮಾಡಬಹುದಾದದ್ದು

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ಏಳು ಜನ ಸೇರಿದರೆ ಸಂಘವೊಂದನ್ನು ನೋಂದಾಯಿಸಬಹುದು. ಸರ್ಕಾರಿ ನೌಕರರು ತಮ್ಮ ಸೇವಾ ಬೇಡಿಕೆಗಳನ್ನು ಮಾನ್ಯತೆ ಪಡೆದ ನೌಕರರ ಸಂಘದ ಮೂಲಕವೇ ಮಂಡಿಸಬೇಕಾಗುತ್ತದೆ ಮತ್ತು ನಡತೆ ನಿಯಮಗಳಿಗೆ ಬದ್ಧರಾಗಿರುತ್ತಾರೆ. ಆದ್ದರಿಂದ ತಾಂತ್ರಿಕ ಅಧ್ಯಯನದ ಸಂಘವನ್ನು ಬೇರೆಯಾಗಿ ಇಟ್ಟು, ಇಲಾಖೆಯ ಒಪ್ಪಿಗೆ ಪಡೆದು, ಅದರಲ್ಲಿ ಎಲ್ಲ ವರ್ಗದವರನ್ನೂ ಸೇರಿಸಿಕೊಳ್ಳುವುದು ಸೂಕ್ತ.

ಸಂಘದ ಮೊದಲ ಕೆಲಸ ತಿಂಗಳಿಗೊಂದು ಸಭೆ. ತಾಲ್ಲೂಕು ಪಶು ಆಸ್ಪತ್ರೆಯ ವೈದ್ಯರನ್ನೇ ಕರೆಸಿ, ಆ ತಿಂಗಳು ಕೈಗೆ ಬಂದ ಕಷ್ಟದ ಪ್ರಕರಣಗಳನ್ನು ಚರ್ಚಿಸಬೇಕು. ಗರ್ಭ ಕಟ್ಟದ ಆಕಳುಗಳ ಲೆಕ್ಕ ಇಡುವುದು ಇನ್ನೂ ಒಳ್ಳೆಯದು. ದ್ರವ ಸಾರಜನಕದಿಂದ ತೆಗೆದ ವೀರ್ಯನಳಿಕೆಯನ್ನು 37 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಕರಗಿಸಲಾಯಿತೇ, ಬೆಳಿಗ್ಗೆ ಬೆದೆ ಕಂಡ ಆಕಳಿಗೆ ಸಂಜೆ ಗರ್ಭಧಾರಣೆ ಮಾಡಲಾಯಿತೇ ಎಂಬುದನ್ನು ಪರಸ್ಪರ ಪರಿಶೀಲಿಸಿಕೊಂಡರೆ ಫಲಿತಾಂಶದ ಸುಧಾರಣೆಯನ್ನು ಅಂಕಿಗಳಲ್ಲೇ ತೋರಿಸಬಹುದು. ಬಡ್ತಿ, ಭತ್ಯೆ ಕೇಳುವಾಗ ಈ ಅಂಕಿಗಳಿಗಿಂತ ಗಟ್ಟಿಯಾದ ಅರ್ಜಿ ಬೇರೊಂದಿಲ್ಲ.

ಎರಡನೆಯದಾಗಿ, ತುರ್ತು ಸಂದರ್ಭಗಳಿಗೆ ವೈದ್ಯರಿಂದ ಲಿಖಿತ ನಿರ್ದೇಶನ ಪಡೆಯಬೇಕು. ಹೊಟ್ಟೆ ಉಬ್ಬರ, ಕರು ಅಡ್ಡಬಿದ್ದ ಹೆರಿಗೆ, ಕರು ಹಾಕಿದ ಮೇಲೆ ಏಳಲಾರದೆ ಬಿದ್ದ ಹಾಲುಜ್ವರ, ಇವುಗಳಲ್ಲಿ ವೈದ್ಯರು ಬರುವತನಕ ಏನು ಮಾಡಬೇಕು, ಏನನ್ನು ಮಾಡಲೇಬಾರದು ಎಂಬುದು ಕಾಗದದ ಮೇಲಿದ್ದರೆ ಇಬ್ಬರಿಗೂ ರಕ್ಷಣೆ. ಹಾಲುಜ್ವರಕ್ಕೆ ಕ್ಯಾಲ್ಸಿಯಂ ಅನ್ನು ರಕ್ತನಾಳಕ್ಕೆ ಅವಸರದಲ್ಲಿ ಏರಿಸಿದರೆ ಹೃದಯ ನಿಂತು ಆಕಳು ಅಲ್ಲೇ ಸಾಯಬಹುದು. ಈ ಗಡಿಯನ್ನು ಸಂಘವೇ ತನ್ನ ಸದಸ್ಯರಿಗೆ ಹಾಕಿಕೊಡಬೇಕು.

ತರಬೇತಿಗೆ ದೂರ ಹೋಗಬೇಕಾಗಿಲ್ಲ. ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಎರಡು ವರ್ಷದ ಪಶುಸಂಗೋಪನಾ ಡಿಪ್ಲೊಮಾ ನಡೆಸುವ ಸಂಸ್ಥೆ ಇದೇ ಜಿಲ್ಲೆಯ ಶಿಗ್ಗಾವಿಯಲ್ಲಿದೆ. ಕೃಷಿ ವಿಜ್ಞಾನ ಕೇಂದ್ರ ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿದೆ. ಬಂಕಾಪುರದ ಕೋಟೆಯೊಳಗೆ ಕಿಲಾರಿ ತಳಿಯ ಸಂವರ್ಧನಾ ಕೇಂದ್ರವಿದೆ. ಈ ಮೂರನ್ನೂ ಜೋಡಿಸಿ ವಾರ್ಷಿಕ ಪುನಶ್ಚೇತನ ತರಬೇತಿ ಏರ್ಪಡಿಸಲು ವಿಸ್ತರಣಾ ಕಾರ್ಯಕರ್ತರು ಮುಂದಾಗಬಹುದು. ಕಾಗಿನೆಲೆ ಸುತ್ತಿನ ಕುರಿಗಾರರ ಮಟ್ಟಿಗೆ ಹಿರೇಬೇನೆ, ಕರುಳುಬೇನೆ ಮತ್ತು ನೀಲಿ ನಾಲಿಗೆ ರೋಗಗಳ ಲಸಿಕೆ ವೇಳಾಪಟ್ಟಿಯನ್ನು ಈ ತರಬೇತಿಯಲ್ಲಿ ಸೇರಿಸಲೇಬೇಕು. ಹಿಂಡು ವಲಸೆ ಹೊರಡುವ ಮುನ್ನ ಲಸಿಕೆ ಆಗದಿದ್ದರೆ ಆಮೇಲೆ ಹಿಂಡನ್ನು ಹುಡುಕುವುದೇ ಕಷ್ಟ.

ರೈತರು ಗಮನಿಸಬೇಕಾದದ್ದು

ಮನೆಗೆ ಬಂದ ಸಿಬ್ಬಂದಿಯ ವಿದ್ಯಾರ್ಹತೆಯನ್ನು ಸಂಕೋಚವಿಲ್ಲದೆ ವಿಚಾರಿಸಿರಿ. ಹಾಕಿದ ಔಷಧಿ, ಲಸಿಕೆ ಅಥವಾ ಗರ್ಭಧಾರಣೆಯ ವಿವರವನ್ನು ಕಾರ್ಡಿನಲ್ಲಿ ಬರೆಸಿಕೊಳ್ಳಿರಿ. ಆಂಟಿಬಯೋಟಿಕ್ ಕೊಟ್ಟಿದ್ದರೆ ಎಷ್ಟು ದಿನ ಹಾಲನ್ನು ಡೈರಿಗೆ ಹಾಕಬಾರದು ಎಂದು ಕೇಳಿ ತಿಳಿದುಕೊಳ್ಳಿರಿ. ‘ಒಂದು ಇಂಜೆಕ್ಷನ್ ಹಾಕಿಬಿಡಿ’ ಎಂದು ಪರೀಕ್ಷಕರನ್ನು ಒತ್ತಾಯಿಸಬಾರದು. ಅವರು ಗಡಿ ಮೀರುವುದಕ್ಕೆ ಬಹಳ ಸಲ ನಮ್ಮ ಒತ್ತಾಯವೇ ಕಾರಣ. ಹಾಲು ಉತ್ಪಾದಕರ ಸಹಕಾರ ಸಂಘದ ವಾರ್ಷಿಕ ಸಭೆಯಲ್ಲಿ ಲಾಭಾಂಶದ ಜೊತೆಗೆ ಕಾರ್ಯಕರ್ತರ ಕೈಗವಸು, ವಿಮೆ ಮತ್ತು ತರಬೇತಿಯ ವಿಷಯವನ್ನೂ ಸದಸ್ಯರು ಎತ್ತಬಹುದು.

1962ಕ್ಕೆ ಕರೆ ಮಾಡುವಾಗ ಊರು, ಜಾನುವಾರಿನ ವಯಸ್ಸು, ಗಬ್ಬವಿದ್ದರೆ ಎಷ್ಟನೆಯ ತಿಂಗಳು, ರೋಗಲಕ್ಷಣ ಕಂಡ ಸಮಯ ಹಾಗೂ ಈಗಾಗಲೇ ಕೊಟ್ಟ ಔಷಧಿಯ ಹೆಸರನ್ನು ತಿಳಿಸಿರಿ. ಜಾನುವಾರು ಹಠಾತ್ತನೆ ಸತ್ತು ಮೂಗು ಅಥವಾ ಗುದದ್ವಾರದಿಂದ ಕಪ್ಪು ರಕ್ತ ಸುರಿಯುತ್ತಿದ್ದರೆ ಅದು ಅಂಥ್ರಾಕ್ಸ್ ಇರಬಹುದು. ಕಳೇಬರವನ್ನು ಕೊಯ್ಯದೆ, ಚರ್ಮ ಸುಲಿಯದೆ, ನಾಯಿಗಳು ಮುಟ್ಟದಂತೆ ಕಾಯ್ದು, ಹತ್ತಿರದ ಪಶು ಚಿಕಿತ್ಸಾಲಯಕ್ಕೆ ಕೂಡಲೇ ಸುದ್ದಿ ಮುಟ್ಟಿಸಿರಿ.