ಮುಟ್ಟಿದರೆ ಮುನಿಯೂ ಜಗದೀಶಚಂದ್ರ ಬೋಸರೂ



ಆಟದ ಬಯಲಿನ ಅಂಚಿನಲ್ಲೋ ತೋಟದ ಬದುವಿನಲ್ಲೋ ನೆಲದ ಮೇಲೆ ಹಬ್ಬಿ ಬೆಳೆಯುವ ಮುಟ್ಟಿದರೆ ಮುನಿಯನ್ನು ನೀವು ನೋಡಿರುತ್ತೀರಿ. ನಸುಗೆಂಪಿನ ದುಂಡನೆಯ ಹೂವು, ಕಾಂಡದ ಮೇಲೆ ಮುಳ್ಳು. ಬೆರಳು ತಾಗಿದರೆ ಸಾಕು, ಎಲೆಗಳು ಜೋಡಿಜೋಡಿಯಾಗಿ ಮಡಚಿಕೊಳ್ಳುತ್ತವೆ, ತೊಟ್ಟು ಕೆಳಗೆ ಬಾಗುತ್ತದೆ. ನಾಚಿಕೆ ಮುಳ್ಳು ಎಂದೂ ಇದನ್ನು ಕರೆಯುತ್ತಾರೆ. ನಮ್ಮದೇ ಎನ್ನುವಷ್ಟು ಬಳಕೆಯಾಗಿದ್ದರೂ ಈ ಗಿಡದ ತವರು ಅಮೆರಿಕ ಖಂಡದ ಉಷ್ಣವಲಯ. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಇದನ್ನು ‘ಮಿಮೋಸಾ ಪುಡಿಕಾ’ ಎಂದು ಕರೆದರು. ‘ಪುಡಿಕಾ’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ನಾಚುವವಳು.

ಹೆಸರಿಡುವುದು ಸುಲಭ, ಕಾರಣ ಹೇಳುವುದು ಕಷ್ಟ. ಎಲೆಯ ತುದಿಯನ್ನು ಮುಟ್ಟಿದರೆ ದೂರದ ತೊಟ್ಟು ಏಕೆ ಬಾಗಬೇಕು? ಸುದ್ದಿ ಅಲ್ಲಿಗೆ ಮುಟ್ಟುವುದು ಹೇಗೆ? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪಿನ ಹಲವು ಪಂಡಿತರು, ಇದು ಕೊಳವೆಯೊಳಗಿನ ನೀರಿನ ಒತ್ತಡದ ಕೆಲಸವಷ್ಟೇ ಎಂದು ನಂಬಿದ್ದರು.

ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಜಗದೀಶಚಂದ್ರ ಬೋಸರು ಇದನ್ನು ಒಪ್ಪಲಿಲ್ಲ. ಪ್ರಾಣಿಗಳ ನರದಲ್ಲಿ ಸಾಗುವಂಥ ವಿದ್ಯುತ್ ಪ್ರಚೋದನೆ ಗಿಡಗಳಲ್ಲೂ ಇದೆ ಎಂಬುದು ಅವರ ವಾದ. 1901ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇದನ್ನು ಮಂಡಿಸಿದಾಗ ಅಲ್ಲಿನ ಶರೀರಶಾಸ್ತ್ರಜ್ಞರು ವಿರೋಧಿಸಿದರು. ಭೌತಶಾಸ್ತ್ರಜ್ಞನಿಗೆ ಇಲ್ಲೇನು ಕೆಲಸ ಎಂಬ ಧೋರಣೆ ಅವರದು. ಪ್ರಬಂಧ ಅಚ್ಚಾಗಲಿಲ್ಲ.

ಬೋಸರು ವಾಗ್ವಾದದಲ್ಲಿ ಕಾಲ ಕಳೆಯಲಿಲ್ಲ, ಯಂತ್ರ ಕಟ್ಟಿದರು. ಗಿಡದ ತೊಟ್ಟಿಗೆ ದಾರ ಕಟ್ಟಿ ಒಂದು ಹಗುರವಾದ ಸನ್ನೆಗೆ ಜೋಡಿಸಿದರು. ಸಮನಾದ ಗತಿಯಲ್ಲಿ ಕಂಪಿಸುವ ಅದರ ತುದಿ, ಮಸಿ ಹಿಡಿಸಿದ ಗಾಜಿನ ಮೇಲೆ ಚುಕ್ಕಿಗಳನ್ನು ಇಡುತ್ತ ಹೋಗುತ್ತಿತ್ತು. ಚುಕ್ಕಿಗಳನ್ನು ಎಣಿಸಿದರೆ ಸೆಕೆಂಡಿನ ಸಣ್ಣ ಭಾಗವೂ ತಿಳಿಯುತ್ತಿತ್ತು. ಗಿಡ ತನ್ನ ಸಾಕ್ಷ್ಯವನ್ನು ತಾನೇ ಬರೆಯಿತು! ಮುಂದೆ ಅವರು ತೊಟ್ಟಿನ ಒಂದು ಭಾಗವನ್ನು ತಣ್ಣಗೆ ಮಾಡಿದರು, ಸುದ್ದಿ ನಿಧಾನವಾಯಿತು. ಅಲ್ಲಿಗೆ ವಿಷ ತಾಗಿಸಿದರು, ಸುದ್ದಿ ನಿಂತೇಹೋಯಿತು. ಬರಿಯ ನೀರಿನ ಒತ್ತಡವಾಗಿದ್ದರೆ ವಿಷಕ್ಕೆ ಅದು ಏಕೆ ಅಂಜಬೇಕು?

ಮುಟ್ಟಿದರೆ ಮುನಿಯ ಈ ಅಧ್ಯಯನವನ್ನು 1913ರಲ್ಲಿ ಪ್ರಕಟಿಸಿದ್ದು ಅದೇ ರಾಯಲ್ ಸೊಸೈಟಿ. 1920ರಲ್ಲಿ ಅದು ಬೋಸರನ್ನು ತನ್ನ ಸದಸ್ಯರನ್ನಾಗಿ ಆರಿಸಿತು.

ಹಾಗೆಂದು ಬೋಸರ ಮಾತೆಲ್ಲವೂ ಉಳಿದಿದೆ ಎಂದು ತಿಳಿಯಬೇಡಿ. ಗಿಡಗಳಿಗೆ ಪ್ರಾಣಿಗಳಂತೆ ನರಗಳಿಲ್ಲ. ಗಾಯವಾದಾಗ ನೀರಿನ ಹರಿವಿನೊಡನೆ ರಾಸಾಯನಿಕ ವಸ್ತುವೂ ಸುದ್ದಿ ಒಯ್ಯುತ್ತದೆಂದು 1916ರಲ್ಲಿ ಇಟಲಿಯ ರಿಕ್ಕಾ ತೋರಿಸಿದರು. ಆದರೆ ವಿದ್ಯುತ್ ಸಂಕೇತವಿದೆ ಎಂಬ ಮೂಲ ಮಾತು ನಿಂತಿದೆ. ಅದು ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್ ಸಾಗಿ ತೊಟ್ಟಿನ ಬುಡದ ಉಬ್ಬನ್ನು ಮುಟ್ಟುತ್ತದೆ. ಅಲ್ಲಿನ ಕೋಶಗಳಿಂದ ಪೊಟಾಸಿಯಂ ಮತ್ತು ಕ್ಲೋರೈಡ್ ಅಯಾನುಗಳು ಹೊರಬೀಳುತ್ತವೆ, ಹಿಂದೆಯೇ ನೀರೂ ಹೊರಡುತ್ತದೆ. ಬಿಗಿ ಕಳೆದುಕೊಂಡ ತೊಟ್ಟು ಬಾಗುತ್ತದೆ.

ಈ ಮುನಿಸಿನಿಂದ ಗಿಡಕ್ಕೇನು ಲಾಭ? 2022ರಲ್ಲಿ ಜಪಾನಿನ ವಿಜ್ಞಾನಿಗಳು ಎಲೆ ಮಡಚಲಾರದ ಗಿಡಗಳನ್ನು ಬೆಳೆಸಿ ಮಿಡತೆಗಳನ್ನು ಬಿಟ್ಟರು. ಮಡಚಬಲ್ಲ ಗಿಡಕ್ಕಿಂತ ಮಡಚಲಾರದ ಗಿಡವನ್ನೇ ಮಿಡತೆಗಳು ಹೆಚ್ಚು ತಿಂದವು. ನಾವು ನಾಚಿಕೆ ಎಂದದ್ದು ಗಿಡದ ಆತ್ಮರಕ್ಷಣೆ.

ಮುಂದಿನ ಸಲ ಈ ಗಿಡ ಸಿಕ್ಕಾಗ ಗಡಿಯಾರ ಹಿಡಿದು ಮುಟ್ಟಿ ನೋಡಿ. ಎಲೆ ಮಡಚಲು ಎಷ್ಟು ಹೊತ್ತು, ಮತ್ತೆ ಅರಳಲು ಎಷ್ಟು ಹೊತ್ತು? ಬೆಳಗ್ಗೆ ಎಷ್ಟು, ಸಂಜೆ ಎಷ್ಟು? ಬರೆದಿಡಿ. ಬೋಸರ ವಾದ ಗೆದ್ದದ್ದೂ ಹೀಗೆ ಅಳೆದು ಬರೆದಿಟ್ಟ ಲೆಕ್ಕದಿಂದಲೇ.